ಅಕ್ಕನ ಬೆನ್ನುನೋವು

ಜನವರಿ 9, ಬೆಳಗ್ಗೆ 6

ನಿನ್ನೆ ಮೂರನೇ ಹೊಲಿಗೆ ಲೈನಿನಲ್ಲಿ ಮತ್ತೆ ಸೂಜಿ ಮುರಿಯಿತು. ಎರಡು ಚೂರು ಸಿಕ್ಕವು, ತುದಿ ಇಲ್ಲ. ಎಲ್ಲ ಚೂರೂ ಸಿಕ್ಕಿ, ತಾರೀಖು ಬರೆದು ರಿಜಿಸ್ಟರಿಗೆ ಅಂಟಿಸಿದ ಮೇಲೇ ಹೊಸ ಸೂಜಿ — ಇದು ಫ್ಯಾಕ್ಟರಿಯ ನಿಯಮ. ಯಾರದೋ ಮಗುವಿನ ಅಂಗಿಯಲ್ಲಿ ಉಳಿದುಬಿಟ್ಟರೆ? ಮೆಕ್ಯಾನಿಕ್ ನಾನಲ್ಲವಾ, ಮ್ಯಾಗ್ನೆಟ್ ಹಿಡಿದು ಇಪ್ಪತ್ತು ನಿಮಿಷ ನೆಲ ಸವರಿದೆ. ಕೊನೆಗೆ ಸಿಕ್ಕಿದ್ದು ಸೂಪರ್‌ವೈಸರ್ ಬೂಟಿನ ಅಡಿಯಲ್ಲಿ. ಲೈನ್ ಪೂರ್ತಿ ನಕ್ಕಿತು. ಅವನೊಬ್ಬ ನಗಲಿಲ್ಲ.

ತಮ್ಮನಿಗೆ ಇವತ್ತು ಡಯಾಲಿಸಿಸ್. ವಾರಕ್ಕೆ ಎರಡು ಇದ್ದದ್ದು ಈಗ ಮೂರು.

ಡಾಕ್ಟರು ಹೇಳಿದ್ದು: ಅಕ್ಕನ ಕಿಡ್ನಿ ಹೊಂದುತ್ತದೆ, ಎರಡೂ ಗಟ್ಟಿಯಾಗಿವೆ. ನನ್ನದು ಬ್ಲಡ್ ಗ್ರೂಪೇ ಬೇರೆ. ಬೇರೆ ಯಾರೂ ಇಲ್ಲ. ಒಟ್ಟು ಖರ್ಚು ಎಂಟು ಲಕ್ಷ. ಕೈಯಲ್ಲಿರುವುದು ಒಂದೂವರೆ. ದುಡ್ಡು ಹೊಂದಿದ ದಿನ ಆಪರೇಷನ್. ಬೇಗ ಆದಷ್ಟು ಒಳ್ಳೆಯದು, ತಮ್ಮನ ಹಾರ್ಟ್ ಈಗಲೇ ದಣಿದಿದೆ ಅಂದರು.

ತಮ್ಮ ಅಂಗಡಿ ಬೋರ್ಡ್ ಬರೆಯುವವನು, ಬಾಯಿ ಸುಮ್ಮನಿರಲ್ಲ. "ಅಕ್ಕನ ಕಿಡ್ನಿ ಹಾಕಿಸ್ಕೊಂಡ್ರೆ ನಾನೂ ಬೆಳಗ್ಗೆ ಐದಕ್ಕೆ ಎದ್ದು ಎಲ್ಲರನ್ನೂ ಬಯ್ಯೋಕೆ ಶುರು ಮಾಡ್ತೀನಾ ಡಾಕ್ಟ್ರೇ?"

ಅಕ್ಕ: "ಮೊದ್ಲು ಎದ್ದೇಳೋ. ಬಯ್ಯೋದು ನಾನೇ ಹೇಳ್ಕೊಡ್ತೀನಿ."

ಜನವರಿ 21

ಅಕ್ಕ ಲಾಡ್ಜಿನ ಬೆಡ್‌ಶೀಟ್ ಇಸ್ತ್ರಿ ಹಿಡಿದಿದ್ದಾಳೆ. ದಿನಕ್ಕೆ ನೂರೈವತ್ತು ಶೀಟ್. ಹಗಲು ಲಾಂಡ್ರಿ ಕೆಲಸ, ಬಂದ ಮೇಲೆ ಇದು. ನಡುಮನೆ ತುಂಬ ಬಿಳಿ ಗುಡ್ಡೆ. ನಿಂತೇ ಊಟ ಮಾಡುತ್ತೇವೆ.

"ನಿನ್ ಕಿಡ್ನಿ ಕೊಡ್ತಿದ್ದೀಯಲ್ಲ, ಸಾಲದಾ? ದುಡ್ಡೂ ನೀನೇ ದುಡೀಬೇಕಾ?" ಅಂದೆ.

"ಅಮ್ಮ ಸತ್ತಾಗ ಅವನಿಗೆ ನಾಲ್ಕು ವರ್ಷ. ಆಗ ಯಾರನ್ನ ಕೇಳಿದ್ದೆ?"

ಇನ್ನೊಂದು ಶೀಟ್ ಹಾಸಿದಳು.

ಫೆಬ್ರವರಿ 3

ದುಡ್ಡು ಕೇಳಲು ಚಿಕ್ಕಪ್ಪನ ಮನೆಗೆ ಹೋಗಿದ್ದೆ. ನೆಲಕ್ಕೆ ಹೊಸ ಟೈಲ್ಸ್. ಚಪ್ಪಲಿ ಹೊರಗೇ ಬಿಡು ಅಂದರು. ಟೀ ಬಂತು. "ಸಾಯೋನಿಗೆ ಸುರಿದು ಇರೋರು ಬೀದಿಗೆ ಬರಬಾರದು ನೋಡು" — ಇಷ್ಟನ್ನು ಬಹಳ ಪ್ರೀತಿಯಿಂದ ಹೇಳಿದರು. ಟೀ ಪೂರ್ತಿ ಕುಡಿದು ಬಂದೆ. ಯಾಕೆ ಕುಡಿದೆನೋ.

ಬರುವಾಗ ಅಕ್ಕನಿಗೆ ನೋವಿನ ಗುಳಿಗೆ, ಒಂದು ಸ್ಟ್ರಿಪ್. ಬೆನ್ನು ಹಿಡಿದಿದೆಯಂತೆ.

ಫೆಬ್ರವರಿ 19

ಪೇಪರಿನಲ್ಲಿ ತಮ್ಮನ ಮನವಿ ಬಂತು. ಏಳನೇ ಪುಟ, ಫೋಟೋ ಬೆಂಕಿಪೊಟ್ಟಣದಷ್ಟು. ಮೂವತ್ತೆಂಟು ಫೋನ್. ಆರು ಜನ ದುಡ್ಡು ಕಳಿಸಿದರು. ಒಬ್ಬ ನಲವತ್ತು ದಿನದ ಬೇರಿನ ಕಷಾಯ ಹೇಳಿದ. ಇನ್ನೊಬ್ಬ ಅಕ್ಕನ ವಯಸ್ಸು ಕೇಳಿದ — ಅವನಿಗೂ ಒಂದು ಕಿಡ್ನಿ ಬೇಕಿತ್ತು.

ಗುಳಿಗೆ, ಎರಡು ಸ್ಟ್ರಿಪ್.

ಮಾರ್ಚ್ 17, ಭಾನುವಾರ

ಫ್ಯಾಕ್ಟರಿಯಲ್ಲಿ ಇವತ್ತು ರಜೆ. ಆದರೂ ಮೂರನೇ ಲೈನ್ ಓಡಿತು. ಐವತ್ತೆರಡು ಹೆಂಗಸರು. ಇವತ್ತಿನ ಓವರ್‌ಟೈಮ್ ಪೂರ್ತಿ ತಮ್ಮನಿಗೆ. ಬಟನ್ ಹಾಕುವ ಅಜ್ಜಿಯ ಏರ್ಪಾಡು, ಎಲ್ಲರೂ ಅವಳನ್ನು ಕರೆಯುವುದೇ ಬಟನಜ್ಜಿ ಅಂತ.

ಸೂಪರ್‌ವೈಸರ್: "ಇವತ್ತು ಸೂಜಿ ಮುರೀಬೇಡ್ರಮ್ಮ, ಮೆಕ್ಯಾನಿಕ್ ಅಳ್ತಾ ಕೂತಿದ್ದಾನೆ."

ಅಜ್ಜಿ: "ಅವ್ನು ಅಳ್ಲಿ ಬಿಡು, ನೀನು ಬಿಚ್ಚು ಪರ್ಸು."

ಬಿಚ್ಚಿದ.

ಮನೆಗೆ ಬಂದು ಹೇಳಿದೆ. ಅಕ್ಕ ಇಸ್ತ್ರಿಪೆಟ್ಟಿಗೆ ಇಟ್ಟು ಮುಖ ತಿರುಗಿಸಿದಳು. ಬೆನ್ನು ನೇರ ಮಾಡಲಿಕ್ಕೆ ಗೋಡೆ ಹಿಡಿಯಬೇಕಾಯಿತು.

ಗುಳಿಗೆ ಎರಡು ಸ್ಟ್ರಿಪ್. ಈಗ ಬೆಳಗ್ಗೆ ಒಂದು, ಸಂಜೆ ಒಂದು ಅಂತೆ. ಹಾಕಿದರೆ ನೂರೈವತ್ತೂ ಮುಗಿಯುತ್ತದೆ.

ಏಪ್ರಿಲ್ 12

ತಮ್ಮನಿಗೆ ಡಯಾಲಿಸಿಸ್ ಚುಚ್ಚುವ ಕೈಯ ನರ ಮತ್ತೆ ಕಟ್ಟಿತು. ಕತ್ತಿಗೆ ಟ್ಯೂಬ್ ಹಾಕಿದರು. ಅವನು ಜೋಕ್ ಮಾಡಲಿಲ್ಲ.

ಏಪ್ರಿಲ್ 30

ಎಂಟು ಲಕ್ಷ ಆಯಿತು. ಕಡೆಯದು ನನ್ನ ಬೈಕ್ ಮಾರಿದ್ದು. ತಮ್ಮ ಮಲಗಿದ್ದಲ್ಲೇ ಹಳೇ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ದೊಡ್ಡದಾಗಿ 8 ಬರೆದ. ಕೆಳಗಿನ ಸೊನ್ನೆ ಸೊಟ್ಟಗಾಯಿತು. "ಬಣ್ಣ ಆಮೇಲೆ ತುಂಬ್ತೀನಿ."

ಆಪರೇಷನ್ ಮೇ 9ಕ್ಕೆ.

ಮೇ 6, ಮಧ್ಯಾಹ್ನ 1

ಜನವರಿಯ ಟೆಸ್ಟ್ ಹಳೆಯದಾಯಿತು ಎಂದು ಅಕ್ಕನಿಗೆ ಎಲ್ಲ ಮತ್ತೆ ಮಾಡಿಸಿದ್ದರು. ನಾಳೆ ಇನ್ನೊಂದು ಸಲ ರಕ್ತ ಕೊಡಿ ಎಂದಿದ್ದಾರೆ. ಲ್ಯಾಬ್ ತಪ್ಪಿರಬಹುದಂತೆ.

ಮೇ 8

ಲ್ಯಾಬ್ ತಪ್ಪಲ್ಲ.

ಡಾಕ್ಟರು ಅಕ್ಕನನ್ನು ಹೊರಗೆ ಕೂರಿಸಿ ನನ್ನೊಬ್ಬನನ್ನೇ ಕರೆದರು. ಜನವರಿಯ ಹಾಳೆ, ಮೊನ್ನೆಯ ಹಾಳೆ, ಅಕ್ಕಪಕ್ಕ ಇಟ್ಟರು. "ಇವರ ಕಿಡ್ನಿನೇ ಈಗ ಅರ್ಧ ಕೆಲಸ ಮಾಡ್ತಿದೆ. ಒಂದು ತೆಗೆದ್ರೆ ಇವರೂ ಇದೇ ವಾರ್ಡಿಗೆ ಬರ್ತಾರೆ. ನೋವಿನ ಗುಳಿಗೆ ಏನಾದ್ರೂ ತಗೋತಿದ್ರಾ?"

"ಬೆನ್ನುನೋವಿಗೆ. ನಾನೇ ತಂದ್ಕೊಡ್ತಿದ್ದೆ" ಅಂದೆ.

"ಪ್ರತಿ ಸಲ ಕೇಳಿದ್ದೀವಿ. ಯಾವ ಮಾತ್ರೆನೂ ಇಲ್ಲ ಅಂದಿದ್ರು."

ಸುಳ್ಳು ಹೇಳಿಲ್ಲ ಅವಳು. ನಮ್ಮ ಮನೆಯಲ್ಲಿ ಕಾಯಿಲೆಗೆ ತಗೊಳ್ಳುವುದು ಮಾತ್ರೆ. ಬೆನ್ನುನೋವು ಕಾಯಿಲೆ ಅಲ್ಲ, ಕೆಲಸದ್ದು. ನನ್ನನ್ನು ಕೇಳಿದ್ದರೆ ನಾನೂ ಇಲ್ಲ ಅನ್ನುತ್ತಿದ್ದೆ.

ಗುಳಿಗೆ ನಿಲ್ಲಿಸಿದರೆ ಸ್ವಲ್ಪ ಸುಧಾರಿಸಬಹುದು, ಆರು ತಿಂಗಳು ಬೇಕು, ಕೊಡುವಷ್ಟು ಆಗುತ್ತದೆ ಎಂದು ಹೇಳಲಾರೆ ಅಂದರು. ತಮ್ಮನಿಗೆ ಆರು ತಿಂಗಳು ಇದೆಯಾ ಅಂತ ಕೇಳಿದೆ. ಅವರು ಎರಡೂ ಹಾಳೆ ಒಟ್ಟು ಮಾಡಿ ಪಿನ್ ಹೊಡೆದರು.

"ಇನ್ನು ಮೇಲೆ ಒಂದೂ ಕೊಡಬೇಡಿ. ಯಾಕೆ ಅಂತ ನೀವೇ ಹೇಳಿದ್ರೆ ಒಳ್ಳೇದು."

ಹೊರಗೆ ಅಕ್ಕ ಚೀಲ ಮಡಿಲಲ್ಲಿಟ್ಟು ಕೂತಿದ್ದಳು. ನಾಳೆ ಉಟ್ಟುಕೊಳ್ಳಲು ಇಸ್ತ್ರಿ ಮಾಡಿ ತಂದ ಸೀರೆ. "ಏನಂತೆ?"

"ಡೇಟ್ ಮುಂದಕ್ಕೆ ಹೋಯ್ತು."

"ಒಳ್ಳೇದೇ ಆಯ್ತು. ಲಾಡ್ಜಿನವರದ್ದು ನಾಳೆ ಇನ್ನೂರಿದೆ."

ಮೇ 9, ಬೆಳಗ್ಗೆ 5.30

ಇದೇ ಡೈರಿ ತಿರುವಿದೆ. ಫೆಬ್ರವರಿ 3. ಫೆಬ್ರವರಿ 19. ಮಾರ್ಚ್ 17. ಬರೆಯದೆ ತಂದಿದ್ದು ಇನ್ನೂ ಎಷ್ಟೋ. ತಾರೀಖು ಸಮೇತ ಎಲ್ಲ ಚೂರೂ ಸಿಕ್ಕವು, ನನ್ನದೇ ಅಕ್ಷರದಲ್ಲಿ. ಅವಳು ನಿಂತು ದುಡಿದದ್ದು ಅವನಿಗೆ. ಗುಳಿಗೆ ತಂದುಕೊಟ್ಟು ನಿಲ್ಲುವ ಹಾಗೆ ಮಾಡಿದ್ದು ನಾನು.

ಬಟನಜ್ಜಿ ಆಗಲೇ ಫೋನ್ ಮಾಡಿದ್ದಳು — "ಎಷ್ಟು ಗಂಟೆಗಪ್ಪ ಒಳಗೆ ಕರ್ಕೊಂಡು ಹೋಗೋದು? ಲೈನ್ ಪೂರ್ತಿ ಕಾಯ್ತಿದೆ."

ಅಕ್ಕ ಎದ್ದಿದ್ದಾಳೆ. ನಡುಮನೆಯಲ್ಲಿ ಇಸ್ತ್ರಿಯ ಬಿಸಿ ವಾಸನೆ. ಈಗ ಕೂಗಿದಳು: "ಗುಳಿಗೆ ಮುಗಿದಿದೆ ಕಣೋ. ಬರ್ತಾ ಒಂದು ಸ್ಟ್ರಿಪ್ ತಾ."

ಎದ್ದು ಹೋಗಿ ಹೇಳಬೇಕು. ಮೊದಲ ಮಾತು ಏನು ಅಂತ ಇಲ್ಲಿ ಬರೆದುಕೊಂಡು ಹೋಗೋಣ ಅಂದುಕೊಂಡೆ. ಅಕ್ಕಾ, ನೀನು—