ಕಟ್ಟದ ಮೆಟ್ಟಿಲಿಗೆ ಹಾಕಿದ ಸಹಿ

ನಮ್ಮೂರು, ಅಜ್ಜಂಪುರ ತಾಲ್ಲೂಕು
ಡಿಸೆಂಬರ್ 14, ಭಾನುವಾರ

ಶಿರೀನ್, ನಿನ್ನ ಮಲ್ಲಿಯ ಶರಣು.

ನೀನು ಊರಿಗೆ ಬಂದಾಗ ಎಲ್ಲರ ಮುಂದೆ ಮೇಡಂ ಅನ್ನುತ್ತೇನೆ. ಕಾಗದದಲ್ಲಿ ನನ್ನಿಂದ ಆಗುವುದಿಲ್ಲ. ಏಳನೇ ಕ್ಲಾಸಿನವರೆಗೆ ಒಂದೇ ಚಾಪೆಯ ಮೇಲೆ ಕೂತವರು ನಾವು. ಆಮೇಲೆ ನೀನು ತರೀಕೆರೆಗೆ ಓದಲು ಹೋದೆ, ವಕೀಲೆಯಾದೆ, ಈಗ ವಿಧಾನ ಪರಿಷತ್ತಿನಲ್ಲಿ ಮಂತ್ರಿಗಳನ್ನೇ ನಿಲ್ಲಿಸಿ ಲೆಕ್ಕ ಕೇಳುತ್ತೀಯ. ನಾನು ಇಲ್ಲೇ ಉಳಿದೆ. ಮೂರು ವರ್ಷದಿಂದ ಊರ ಕೆರೆ ಬಳಕೆದಾರರ ಸಂಘಕ್ಕೆ ಅಧ್ಯಕ್ಷೆ ಅನ್ನಿಸಿಕೊಂಡಿದ್ದೇನೆ.

ಗುರುವಾರದಿಂದ ನನ್ನ ಫೋನು ಎತ್ತುತ್ತಿಲ್ಲ ನೀನು. ಒಳ್ಳೆಯದೇ ಆಯಿತು. ಎತ್ತಿದ್ದರೆ ನಾನು ಅಳುತ್ತಿದ್ದೆ, ನೀನು ಸಮಾಧಾನ ಮಾಡುತ್ತಿದ್ದೆ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತಿತ್ತು. ನಿಮ್ಮಣ್ಣ ಖಲಂದರ್ ನಾಳೆ ಕಡೂರಿನಲ್ಲಿ ಬೆಳಗಾವಿಗೆ ರೈಲು ಹತ್ತುತ್ತಾನಂತೆ. ಅವನ ಕೈಗೆ ಇದನ್ನು ಕೊಡುತ್ತೇನೆ. ಮಂಗಳವಾರ ನಮ್ಮ ಕೆರೆಯ ಮಾತು ಸಭೆಯಲ್ಲಿ ಮತ್ತೆ ಬರುತ್ತದೆ ಎಂದು ಅವನೇ ಹೇಳಿದ.

ಗುರುವಾರ ನಡೆದದ್ದನ್ನು ಸೊಸೆ ಕೃತಿಕಾ ಫೋನಿನಲ್ಲಿ ತೋರಿಸಿದಳು. ಪಡಸಾಲೆಯಲ್ಲಿ ಏಳೆಂಟು ಹೆಂಗಸರು ಸೇರಿದ್ದರು. ಕೆರೆಯ ಹೂಳು ತೆಗೆದು, ಬಟ್ಟೆ ಒಗೆಯುವ ಜಾಗಕ್ಕೆ ಕಲ್ಲು ಮೆಟ್ಟಿಲು ಕಟ್ಟಲು ಕೊಟ್ಟ ಮೂವತ್ತೆಂಟು ಲಕ್ಷ ಎಲ್ಲಿ ಹೋಯಿತು, ಮೆಟ್ಟಿಲು ಎಲ್ಲಿ, ಅಲ್ಲಿ ಮುಳುಗಿ ಸತ್ತ ಹೆಂಗಸಿಗೆ ಹೊಣೆ ಯಾರು ಎಂದು ನೀನು ಕೇಳಿದೆ. ಮಾರಮ್ಮ ತೊಡೆ ತಟ್ಟಿಕೊಂಡು, "ನೋಡ್ರೇ, ನಮ್ ಶಿರೀನಮ್ಮ ಹೆಂಗ್ ಗದರ್ತಾಳೆ! ಮಂತ್ರಿ ಬೆವತೋದ" ಎಂದಳು. ಮಂತ್ರಿ ಬೆವರಲಿಲ್ಲ. ಒಂದು ಹಾಳೆ ಎತ್ತಿ ಹಿಡಿದರು. ಕೆಲಸವೆಲ್ಲ ಮುಗಿದಿದೆ ಎಂದು ಆ ಊರಿನ ಸಂಘದ ಅಧ್ಯಕ್ಷೆಯೇ ಬರೆದುಕೊಟ್ಟಿದ್ದಾರೆ ಎಂದರು. "ಮಾನ್ಯ ಸದಸ್ಯರು ನಮ್ಮನ್ನ ಕೇಳೋ ಮೊದ್ಲು ತಮ್ಮೂರಿನವರನ್ನ ಒಂದ್ಮಾತು ಕೇಳ್ಕೊಂಡು ಬರಬಹುದಿತ್ತು" ಎಂದು ನಕ್ಕರು. ಅವರ ಕಡೆಯವರೆಲ್ಲ ಮೇಜು ಕುಟ್ಟಿದರು. ಹಾಳೆ ನಿನ್ನ ಕೈಗೆ ಬಂತು. ನೀನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಮುಂದಿನ ಪ್ರಶ್ನೆ ಕೇಳದೆ ಕೂತುಬಿಟ್ಟೆ.

ಪಡಸಾಲೆಯಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. "ಕಳ್ಳಸಹಿ ಮಾಡವ್ರೆ ಕಣ್ರೀ! ನಮ್ ಮಲ್ಲಕ್ಕ ಅಂಥೋಳಾ?" ಎಂದು ಮಾರಮ್ಮನೇ ಮೊದಲು ಕೂಗಿದಳು. ನಾನು ಹೂಂ ಅಂದೆ. ಆ ಒಂದು ಹೂಂ ಸಂಜೆಯೊಳಗೆ ಊರೆಲ್ಲ ಸುತ್ತಿತು.

ಸಹಿ ನನ್ನದೇ ಶಿರೀನ್.

ಹೋದ ವರ್ಷ ಕೆರೆ ಕೋಡಿ ಬಿದ್ದ ದಿನ ನಾವು ಹೆಂಗಸರೆಲ್ಲ ಮೊರ ಹೊತ್ತು ಬಾಗಿನ ಬಿಡಲು ಹೋಗಿದ್ದೆವು. ಬೇಸಿಗೆಯಲ್ಲಿ ಎರಡು ತಿಂಗಳು ಆ ಕಡೆ ಲಾರಿ, ಜೆಸಿಬಿ ಓಡಾಡಿದ್ದರಿಂದ ಯಾರೂ ಒಗೆಯಲು ಹೋಗಿರಲಿಲ್ಲ. ಆಮೇಲೆ ಮಳೆ ಹಿಡಿದು ನೀರು ನಿಂತಿತು. ಕೆಳಗೆ ಏನು ಕಟ್ಟಿದ್ದಾರೆ, ಏನು ಅಗೆದಿದ್ದಾರೆ, ಒಂದೂ ಕಾಣಿಸುತ್ತಿರಲಿಲ್ಲ. ನಾನು ಬಾಗಿನ ಬಿಟ್ಟು ಕೈ ಮುಗಿದು ಏಳುವಷ್ಟರಲ್ಲಿ ಗುತ್ತಿಗೆದಾರ ಶಿವಪ್ರಸಾದ್ ತಾಂಬೂಲದ ತಟ್ಟೆ ಹಿಡಿದು ಎದುರಿಗೆ ನಿಂತಿದ್ದ. ಎಲೆ, ಅಡಿಕೆ, ರವಿಕೆ ಕಣ, ಅವುಗಳ ಅಡಿಯಲ್ಲಿ ಎರಡು ಹಾಳೆಯ ಕಾಗದ. ಬಾಗಿನ ಬಿಟ್ಟವಳು ಗಂಗಮ್ಮನ ಎದುರು ತಾಂಬೂಲ ಬೇಡ ಅನ್ನುವ ಹಾಗಿಲ್ಲ, ನಿನಗೆ ಗೊತ್ತು. ಕೆರೆ ತುಂಬಿದಾಗೆಲ್ಲ ನಿಮ್ಮಮ್ಮನೂ ಬಂದು ಸೆರಗೊಡ್ಡಿ ತಾಂಬೂಲ ತೆಗೆದುಕೊಂಡು ಹೋಗುತ್ತಿದ್ದರು. ನಾನು ಓದಲಿಲ್ಲ. ಅರಿಶಿನದ ಕೈಯಲ್ಲೇ ಸಹಿ ಹಾಕಿದೆ. ನಿನ್ನ ಕೈಗೆ ಬಂದ ನಕಲಿನಲ್ಲಿ ಹೆಸರಿನ ಪಕ್ಕ ಕಲೆ ಇದ್ದರೆ ಅದು ನನ್ನ ಬೆರಳು.

ಅದಾಗಿ ಎರಡು ತಿಂಗಳಿಗೆ ಶಿವಪ್ರಸಾದ್ ಏರಿಯ ಮೇಲಿನ ಗಂಗಮ್ಮನ ಗುಡಿಯನ್ನು ಹೊಸದಾಗಿ ಕಟ್ಟಿಸಿಕೊಟ್ಟ. ಕಲ್ಲಿನ ಗೋಡೆ, ಟೈಲ್ಸ್ ನೆಲ, ಹಿತ್ತಾಳೆ ಗಂಟೆ. ಸೋರುವ ಹೆಂಚಿನ ಕೆಳಗೆ ಇಪ್ಪತ್ತು ವರ್ಷ ಪೂಜೆ ಮಾಡಿದವಳು ನಾನು. ದೇವಿಗೆ ಒಂದು ನೆಲೆಯಾಯಿತಲ್ಲ ಎಂದು ಅತ್ತಿದ್ದೆ. ಅವನ ಭಕ್ತಿ ಅಂದುಕೊಂಡೆ.

ಯುಗಾದಿಗೆ ಮೊದಲು ನಮ್ಮ ಪಕ್ಕದ ಮನೆಯ ಈರಕ್ಕ ಹಬ್ಬದ ಕಂಬಳಿ, ಹೊದಿಕೆ ಒಗೆಯಲು ಹೋದಳು. ನೀರು ಇಳಿದಿತ್ತು. ಹೂಳಿನ ಹೆಸರಿನಲ್ಲಿ ಶಿವಪ್ರಸಾದ್ ಇಟ್ಟಿಗೆ ಗೂಡಿಗೆ ಮಣ್ಣು ತೆಗೆಸಿದ ಗುಂಡಿ ಅಲ್ಲೇ, ಕಾಲಿಡುವ ಕಡೆ, ಉಳಿದ ನೀರಿನ ಅಡಿ ಬಾಯಿ ತೆರೆದುಕೊಂಡಿತ್ತು. ಅವಳನ್ನು ಮೇಲೆ ತಂದು ಮಲಗಿಸಿದಾಗ ಮುಖದ ಕೆಸರನ್ನು ನಾನೇ ಸೆರಗಿನಲ್ಲಿ ಒರೆಸಿದೆ.

ಅವತ್ತಿನಿಂದ ಗಂಗಮ್ಮನಿಗೆ ಮಜ್ಜನ ಮಾಡಿಸಿ ಮುಖ ಒರೆಸುವಾಗ ಕೈ ನಿಂತುಹೋಗುತ್ತದೆ. ಬಟ್ಟೆಯ ಕೆಳಗೆ ಅದೇ ಕೆನ್ನೆ, ಅದೇ ತಣುಪು. ಮಧ್ಯಾಹ್ನ ಏರಿಯ ಮೇಲೆ ಹೋಗುವಾಗ ಕಲ್ಲಿಗೆ ಬಟ್ಟೆ ಬಡಿಯುವ ಸದ್ದು ಕೇಳುತ್ತದೆ. ಬಗ್ಗಿ ನೋಡಿದರೆ ಯಾರೂ ಇರುವುದಿಲ್ಲ, ಬಡಿಯಲು ಕಲ್ಲೂ ಇಲ್ಲ. ಗುಡಿಯ ಹೊಸಿಲಿನ ಒಳಗೆ ಎರಡು ಹೆಜ್ಜೆಯಷ್ಟು ಜಾಗ ಸದಾ ಒದ್ದೆ. ನೆಲದ ಅಡಿ ತೇವ ಎಳೆಯುತ್ತದೆ ಎಂದು ಗಾರೆಯವನು ಹೇಳಿದ. ಹಾಗೇ ಇರಬಹುದು. ನಾನು ಒರೆಸುತ್ತೇನೆ, ಗಂಟೆ ಬಾರಿಸಿ ತಿರುಗುವಷ್ಟರಲ್ಲಿ ಮತ್ತೆ ಒದ್ದೆ.

ಕೆರೆಯ ವಿಷಯ ಸಭೆಯಲ್ಲಿ ಕೇಳು ಎಂದು ನಿನಗೆ ಫೋನು ಮಾಡಿದ್ದು ನಾನೇ ಅಲ್ಲವಾ? ನೀನು ಕೇಳಿದರೆ ಶಿವಪ್ರಸಾದ್ ಸಿಕ್ಕಿಬೀಳುತ್ತಾನೆ, ಈರಕ್ಕ ತಣ್ಣಗಾಗುತ್ತಾಳೆ, ನನ್ನ ಹೆಸರು ಬರುವುದಿಲ್ಲ ಎಂದುಕೊಂಡಿದ್ದೆ. ನನ್ನ ಸಹಿಯ ಹಾಳೆ ಅಷ್ಟು ದೂರ ಹೋಗಿ ನಿನ್ನ ಬಾಯಿ ಮುಚ್ಚಿಸುತ್ತದೆ ಅಂತ ಹೊಳೆಯಲೇ ಇಲ್ಲ.

ನಮ್ಮನೆಯವರು ಪಂಚಾಕ್ಷರಪ್ಪ ಕಳ್ಳಸಹಿ ಅಂತಲೇ ಹೇಳು ಅನ್ನುತ್ತಾರೆ. "ಒಪ್ಕೊಂಡ್ರೆ ಕೋರ್ಟು ಮೆಟ್ಟಿಲು ಹತ್ಬೇಕಾಗ್ತದೆ ಕಣೇ. ಗುಡಿನೂ ಕೆಡವಿಸ್ತಾರೆ. ಆಮೇಲೆ ಊರೋರು ನಿನ್ನ ಬಿಡ್ತಾರಾ?" ಎಂದು ನಿನ್ನೆಯೂ ಗದರಿದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೂ ಮಂಗಳವಾರ ನೀನು ಎದ್ದು ನಿಲ್ಲಬೇಕು. ಸಹಿ ನಿಜ, ಕೆಲಸ ಸುಳ್ಳು ಎಂದು ಹೇಳಬೇಕು. ಹಾಕಿದವಳು ನನ್ನ ಗೆಳತಿ ಮಲ್ಲಿಕಾಂಬ ಎಂದು ಹೆಸರು ಹಿಡಿದು ಹೇಳು. ನನ್ನನ್ನು ಉಳಿಸಲು ಹೋಗಿ ನೀನು ಮತ್ತೆ ಕೂತುಬಿಟ್ಟರೆ, ಆ ಗುಂಡಿಯ ಅಂಚಿಗೆ ನಾಳೆ ಇನ್ನೊಬ್ಬಳು ಬಟ್ಟೆ ಗಂಟು ಇಳಿಸುತ್ತಾಳೆ. ಯಾರ ಮುಂದೆ ಬಂದು ಹೇಳು ಅಂದರೂ ಬರುತ್ತೇನೆ. ವಿಭೂತಿ ಹಚ್ಚಿಕೊಂಡು ಬರುತ್ತೇನೆ, ಸುಳ್ಳು ಹೇಳುವುದಿಲ್ಲ.

ನಿನ್ನ ಸ್ಲೇಟಿನಲ್ಲಿ ಲೆಕ್ಕ ನೋಡಿ ಬರೆದುಕೊಳ್ಳುತ್ತಿದ್ದ,
ಮಲ್ಲಿಕಾಂಬ

ಮತ್ತೆ: ಲಕೋಟೆ ಅಂಟಿಸಿದವಳು ಬಿಚ್ಚಿ ಕೂತಿದ್ದೇನೆ. ಓದಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಎರಡು ಹಾಳೆಯನ್ನೂ ಓದಿದೆ. ಕಲ್ಲು ಮೆಟ್ಟಿಲು ಇಪ್ಪತ್ತೆರಡು, ಪೂರ್ಣಗೊಂಡಿದೆ ಅನ್ನುವ ಸಾಲಿನ ಮೇಲೆ ಬೆರಳಿಟ್ಟು ಶಿವಪ್ರಸಾದನ ಮುಖ ನೋಡಿದೆ. "ಮೆಟ್ಲು ಬೇಕೋ, ಅಮ್ಮನ ಗುಡಿ ಬೇಕೋ, ನೀವೇ ಹೇಳ್ರಮ್ಮ" ಎಂದು ಮೆಲ್ಲಗೆ ಕೇಳಿದ. ಗುಡಿ ಅಂದೆ. ಪಕ್ಕದಲ್ಲೇ ಈರಕ್ಕ ನಿಂತಿದ್ದಳು, ಅವಳಿಗೆ ಓದು ಬಾರದು. "ಏನ್ ಬರ್ದವ್ರೆ ಮಲ್ಲಕ್ಕ?" ಎಂದಳು. "ನೀರೊಳಗೆ ಮೆಟ್ಲು ಕಟ್ಟವ್ರಂತೆ ಕಣೇ, ಇನ್ನ್ ಮ್ಯಾಲೆ ಜಾರಕ್ಕಿಲ್ಲ ಬಿಡು" ಎಂದೆ. ಅವಳು ನೀರಿಗೆ ಕೈ ಮುಗಿದಳು. ಯುಗಾದಿಗೆ ನೀರು ಇಳಿದಾಗ ಅವಳು ಕಾಲಿನಲ್ಲಿ ಮೆಟ್ಟಿಲು ತಡಕುತ್ತಾ ಇಳಿದಿದ್ದಾಳೆ ಶಿರೀನ್. ಸಭೆಯಲ್ಲಿ ಇದನ್ನೂ ಓದು.