ಎದೆಯ ಮೇಲೆ ನಾಲ್ಕು ಪದಕ

ಸವನ್ನಾಖೇತ್, ಲಾವೋಸ್
ಶುಕ್ರವಾರ

ಅಜ್ಜೀ, ನಾನು ಆರಾಮ. ನದಿಯಾಚೆ ಥಾಯ್ಲೆಂಡಿನಲ್ಲಿ ಕಿವಿ ಕೇಳದ ಮಕ್ಕಳ ಶಾಲೆ ಸೋಮವಾರ ತೆರೆಯುತ್ತದೆ. ಸಂಬಳವಿಲ್ಲದೆ ಕಲಿಸುವುದಕ್ಕೂ ವೀಸಾ ಬೇಕಂತೆ, ವೀಸಾಕ್ಕೆ ಕಾಲರ್ ಅಂಗಿಯ ಫೋಟೊ ಬೇಕಂತೆ! ನನ್ನಲ್ಲಿರುವುದು ಘೋಷಣೆ ಬರೆದ ಟೀ ಶರ್ಟುಗಳು ಮಾತ್ರ.

ಸ್ಟುಡಿಯೊದ ಅಕ್ಕ, "ಚಿಂತೆ ಯಾಕೆ ತಮ್ಮಾ, ಕಂಪ್ಯೂಟರಲ್ಲೇ ಕೋಟು ತೊಡಿಸ್ತೀನಿ" ಎಂದಳು. ಕೋಟು ಶೋಷಕರ ಉಡುಪೆಂದು ಅವಳಿಗೆ ಹತ್ತು ನಿಮಿಷ ವಿವರಿಸಿದೆ. "ಹಾಗಾದ್ರೆ ನೀನೇ ಆರಿಸ್ಕೋ ಮಾರಾಯ, ಊಟಕ್ಕೆ ಹೊತ್ತಾಯ್ತು" ಎಂದಳು. ಬಿಳಿ ಅಂಗಿಯೊಂದನ್ನು ಆರಿಸಿದೆ. ಅದರ ಮೇಲಿದ್ದ ಪದಕಗಳು ಜನಸೇವೆಯ ಗುರುತೆಂದೇ ತಿಳಿದಿದ್ದೆ.

ನಿನ್ನೆ ಇಲ್ಲಿನ ಥಾಯ್ ವೀಸಾ ಕಚೇರಿಯ ಗುಮಾಸ್ತರು ಫೋಟೊ ನೋಡಿದವರೇ ಎದ್ದು ನಿಂತು ಕೈ ಮುಗಿದರು. ಆಮೇಲೆ ನನ್ನ ಚಪ್ಪಲಿ ನೋಡಿ ಕೂತರು. "ಅಲ್ಲಯ್ಯಾ, ಇದು ನಮ್ಮ ದೊಡ್ಡ ಸರ್ಕಾರಿ ಅಧಿಕಾರಿಗಳ ದಿರಿಸು. ಪುಕ್ಕಟೆ ಪಾಠ ಹೇಳೋಕೆ ಹೊರಟೋನು ಜಿಲ್ಲಾಧಿಕಾರಿ ಯಾವಾಗ ಆದೆ? ಬಾಗಿಲು ಹಾಕೋದ್ರೊಳಗೆ ಬೇರೆ ಫೋಟೊ ತಾ. ಇಲ್ಲಾಂದ್ರೆ ವೀಸಾ ಸಿಗೋದು ಮುಂದಿನ ವಾರವೇ."

ಮುಂದಿನ ವಾರವೆಂದರೆ ಮಕ್ಕಳು ಖಾಲಿ ಹಲಗೆ ನೋಡುತ್ತ ಕೂರಬೇಕು. ಓಡಿದೆ. ಕೋಟು ತೊಡಿಸಿಕೊಂಡೆ. ಟೈ ಕೂಡ. ಅಕ್ಕ ನಕ್ಕಳು.

ಇಂದು ವೀಸಾ ಸಿಕ್ಕಿತು. ಕೆಮ್ಮು ಹೋಗಿದೆ, ನೀನು ಕಟ್ಟಿಕೊಟ್ಟ ಒಣಮೀನು ಮುಗಿದಿದೆ. ಸರ್ಕಾರಿ ನೌಕರಿ ಸೇರೆಂದು ಕಾಡುತ್ತಿದ್ದೆಯಲ್ಲ, ಮೊದಲ ಫೋಟೊ ಇಲ್ಲೇ ಅಂಟಿಸಿದ್ದೇನೆ. ಗೋಡೆಗೆ ತೂಗುಹಾಕಿಕೋ, ನಮ್ಮೂರು ಇಲೊಯಿಲೊದ ಹೋರಾಟದ ಸಂಘದವರು ಬಂದಾಗ ಮಾತ್ರ ತಿರುಗಿಸಿಡು.

ಸೇತುವೆಯ ಬಸ್ಸು ಬಂತು.

ನಿನ್ನ ಜುನ್ರೆಲ್