ಹೊಲಿಗೆ ಮಿಷನ್ನಿಗೆ ಬಂದ ಹೊಸ ಒಕ್ಕಲು

ಮಾರ್ಚ್ ೧೪, ಗುರುವಾರ

ಗುಲಾಬಿ ಎಲೆಗಳನ್ನು ಯಾರು ಹೀಗೆ ಗುಂಡಗೆ ಕತ್ತರಿಸುತ್ತಾರೆ ಅಂತ ವಾರವೆಲ್ಲ ತಲೆ ಕೆಡಿಸಿಕೊಂಡಿದ್ದೆ. "ಹುಳ ಕಣೇ, ಔಷಧಿ ಹೊಡಿ" ಅಂದರು ಅತ್ತೆ. ಹುಳಕ್ಕೆಲ್ಲಿಂದ ಬರಬೇಕು ಇಷ್ಟು ನೀಟು? ಇದು ದರ್ಜಿಯ ಕೈ, ಹೊಲಿಗೆಯವಳಾದ ನನಗೆ ಗೊತ್ತಾಗುವುದಿಲ್ಲವೇ?

ಇವತ್ತು ಸಿಕ್ಕಿಬಿದ್ದಳು: ಒಂದು ಪುಟ್ಟ ಜೇನ್ನೊಣ, ಎಲೆ ಕತ್ತರಿಸಿ ಗೂಡು ಕಟ್ಟುವ ಜಾತಿಯದು. ಎಲೆಯಂಚಿನಲ್ಲಿ ಕೂತು, ಗುರುತು ಹಾಕದೆ, ಟೇಪು ಹಿಡಿಯದೆ, ಒಂದೇ ಸುತ್ತಿನಲ್ಲಿ ಬಿಲ್ಲೆ ಕತ್ತರಿಸಿದಳು. ಅದನ್ನು ಸುರುಳಿ ಮಾಡಿ ಹೊತ್ತುಕೊಂಡು ಕಿಟಕಿಯಿಂದ ಒಳಗೆ ಬಂದು, ನನ್ನ ಹೊಲಿಗೆ ಮಿಷನ್ನಿನ ಎಣ್ಣೆ ತೂತಿಗೆ ನುಗ್ಗಿದಳು!

ನನ್ನ ಮಣಿಕಟ್ಟು ಮುರಿದಾಗಿನಿಂದ ಆ ಮಿಷನ್ ಮುಟ್ಟಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೂ ಅಷ್ಟೇ. ಕೈ ನಡುಗಿ ಯಾರದೋ ಬಟ್ಟೆ ಹಾಳಾದೀತು ಅನ್ನುವ ಭಯ. ಇವಳು ಖಾಲಿ ಮನೆ ಅಂದುಕೊಂಡು ಮಕ್ಕಳಿಗೆ ಎಲೆಯ ತೊಟ್ಟಿಲು ಕಟ್ಟುತ್ತಿದ್ದಾಳೆ.

"ಕಡ್ಡಿ ಹಾಕಿ ತೆಗೀಲಾ?" ಅತ್ತೆ ಕೇಳಿದರು.

"ಬೇಡ ಅತ್ತೆ, ಒಳಗೆ ಬಾಣಂತಿ ಇದ್ದಾಳೆ."

"ಹಾಗಾದ್ರೆ ನೀನು ಹೊಲಿಯೋದು?"

ಹೊಲಿಯೋದು ಅವಳ ಮಕ್ಕಳು ಹಾರಿದ ಮೇಲೆ. ಕತ್ತರಿಸೋಕೆ ಮಿಷನ್ ಯಾಕೆ? ಊಟವಾದ ಮೇಲೆ ಹಳೇ ಪೇಪರು ಹಾಸಿ, ಕತ್ತರಿ ತೆಗೆದು ಒಂದು ಬಿಲ್ಲೆ ಕತ್ತರಿಸಿದೆ. ಸೊಟ್ಟಂಪಟ್ಟ. ಎರಡನೆಯದು ಪರವಾಗಿಲ್ಲ. ಅತ್ತೆ ನೋಡುತ್ತಾ ನಿಂತಿದ್ದರು. ನನ್ನ ಕೈಲೇ ರವಿಕೆ ಹೊಲಿಸಬೇಕೆಂದು ಎತ್ತಿಟ್ಟಿದ್ದ ತಮ್ಮ ಹೊಸ ಬಟ್ಟೆಯನ್ನು ತಂದು ಕತ್ತರಿಯ ಪಕ್ಕ ಇಟ್ಟು, ಮಲಗಲು ಹೋದರು.